ಶಿಂಗ್‌ಯಿ ಕಲಿಕೆ: ಸಾನ್‌ತಿ ನಿಲುವಿನಲ್ಲಿ ಹಿಂಗಾಲಿನ ಮಂಡಿ ನೋವು, ಮತ್ತು ಐದು ಹೊಡೆತಗಳ ಆರಂಭ

ಪ್ರಶ್ನೆ: ಹೊಸಹೆಜ್ಜೆ

ಎಲ್ಲರಿಗೂ ನಮಸ್ಕಾರ. ಕೆಲವು ತಿಂಗಳುಗಳಿಂದ ನಾನು ಚೀನಾದ ಸಮರಕಲೆಯಾದ ಶಿಂಗ್‌ಯಿಚುವಾನ್‌ನ (ಶಿಂಗ್‌ಯಿ) ಹೆಬೆಯ್ ಶಾಖೆಯ ಪ್ರಾಥಮಿಕ ಅಭ್ಯಾಸದಲ್ಲಿದ್ದೇನೆ. ಗುರುಗಳು ಈವರೆಗೆ ಹೇಳಿಕೊಟ್ಟಿರುವುದು ಒಂದು ಕಾಲು, ಒಂದು ಕೈ ಮುಂದಿಟ್ಟು ನಿಲ್ಲುವ ಸಾನ್‌ತಿ ನಿಲುವೊಂದನ್ನೇ. ಐದು ಮೂಲ ಹೊಡೆತಗಳ ಮಾತೆತ್ತಿದರೆ ಮೊದಲು ನಿಲ್ಲುವುದನ್ನು ಕಲಿಯಿರಿ ಎನ್ನುತ್ತಾರೆ. ನಿಲ್ಲುವುದಕ್ಕೆ ನನಗೆ ಬೇಸರವಿಲ್ಲ. ಆದರೆ ಸ್ವಲ್ಪ ಹೊತ್ತಾಗುತ್ತಿದ್ದಂತೆ ಹಿಂಗಾಲಿನ ಮಂಡಿಯ ಒಳಬದಿಯಲ್ಲಿ ನೋವು ಕಾಣಿಸಿಕೊಳ್ಳುತ್ತದೆ, ಮುಂದೆ ಚಾಚಿದ ಕೈಯ ಭುಜ ತಾನಾಗಿಯೇ ಮೇಲೇರುತ್ತದೆ. ಹಿಂಗಾಲಿನ ಮೇಲೆ ದೇಹದ ಭಾರದ ಶೇ. 60ರಷ್ಟು ಇರಬೇಕೆಂದು ಕೆಲವರೂ ಶೇ. 70ರಷ್ಟು ಇರಬೇಕೆಂದು ಕೆಲವರೂ ಹೇಳುತ್ತಾರೆ. ಯಾವುದನ್ನು ಅನುಸರಿಸಲಿ? ಇದು ‘ಆಂತರಿಕ’ ಕಲೆಯಾದ್ದರಿಂದ ನಿಂತಾಗ ಒಳಗೆ ಏನಾದರೂ ವಿಶೇಷ ಅನುಭವ ಆಗಲೇಬೇಕೆ?

ಉತ್ತರ: ನಿಲುಗಂಬ

ಮೊದಲು ಮಂಡಿಯ ವಿಷಯ, ಏಕೆಂದರೆ ಉಳಿದದ್ದಕ್ಕೆಲ್ಲ ಕಾಯುವ ಸಮಯವಿದೆ, ಅದಕ್ಕಿಲ್ಲ. ತೊಡೆಯ ಸ್ನಾಯು ಉರಿಯುವುದೂ ನಡುಗುವುದೂ ಸಹಜ. ಕೀಲಿನಲ್ಲಿ ಚುಚ್ಚಿದಂತೆ ನೋಯುವುದು ಸಹಜವಲ್ಲ. ಅಂಥ ನೋವು ಬಂದ ಕೂಡಲೇ ಅಭ್ಯಾಸ ನಿಲ್ಲಿಸಿ. ವಿಶ್ರಾಂತಿಯ ನಂತರವೂ ಉಳಿದರೆ ವೈದ್ಯರಿಗೆ ತೋರಿಸಿ.

ಸಾನ್‌ತಿಯಲ್ಲಿ ಮುಂಗಾಲಿನ ಪಾದ ನೇರವಾಗಿರುತ್ತದೆ, ಹಿಂಗಾಲಿನ ಪಾದ ಸುಮಾರು 45 ಡಿಗ್ರಿಯಷ್ಟು ಹೊರಕ್ಕೆ ತಿರುಗಿರುತ್ತದೆ. ಹಿಂಗಾಲಿನ ಮಂಡಿ ಅದೇ ಕಾಲಿನ ಬೆರಳುಗಳ ದಿಕ್ಕನ್ನೇ ನೋಡಬೇಕು. ಆದರೆ ಎದುರಾಳಿಗೆ ಎದೆಯೊಡ್ಡಿ ನಿಲ್ಲುವ ಹುಮ್ಮಸ್ಸಿನಲ್ಲಿ ಹೊಸಬರು ಸೊಂಟವನ್ನು ಪೂರ್ತಿ ಮುಂದಕ್ಕೆ ತಿರುಗಿಸಿಬಿಡುತ್ತಾರೆ; ಆಗ ಪಾದ ಒಂದು ಕಡೆ, ತೊಡೆ ಇನ್ನೊಂದು ಕಡೆ ಎಳೆದು, ನಡುವೆ ಸಿಕ್ಕಿದ ಮಂಡಿ ಒಳಕ್ಕೆ ಕುಸಿಯುತ್ತದೆ, ಒಳಬದಿಯ ನೋವಿಗೆ ಬಹುಮಟ್ಟಿಗೆ ಇದೇ ಕಾರಣವಾಗಿರುತ್ತದೆ. ಮುಂಡವನ್ನು ಸ್ವಲ್ಪ ಓರೆಯಾಗಿರಲು ಬಿಡಿ. ಮಂಡಿಯನ್ನು ಬಲವಂತವಾಗಿ ಹೊರಕ್ಕೆ ತಳ್ಳುವ ಬದಲು ಹಿಂಗಾಲಿನ ತೊಡೆಸಂದನ್ನು ಮಡಿಸಿ, ಕುರ್ಚಿಯ ಅಂಚಿನಲ್ಲಿ ಕೂರಲು ಹೊರಟವರಂತೆ ತುಸು ಹಿಂದಕ್ಕೆ ಕುಳಿತುಕೊಳ್ಳಿ. ನಿಲುವಿನ ಎತ್ತರವನ್ನೂ ಹೆಚ್ಚಿಸಿಕೊಳ್ಳಿ. ಬಹಳ ತಗ್ಗಿ ನಿಲ್ಲುವುದರಲ್ಲಿ ಯಾವ ಹಿರಿಮೆಯೂ ಇಲ್ಲ.

ಭುಜ ಏರುವುದಕ್ಕೆ ಮೊಣಕೈಯನ್ನು ನೋಡಿ. ತೋಳನ್ನು ಪೂರ್ತಿ ಚಾಚಿದರೆ ಮೊಣಕೈ ಹೊರಕ್ಕೆ ತಿರುಗಿ ಭುಜವನ್ನು ಎತ್ತುತ್ತದೆ. ಸ್ವಲ್ಪ ಬಾಗಿದ ಮೊಣಕೈಯ ತುದಿ ನೆಲವನ್ನು ನೋಡುತ್ತಿದ್ದರೆ ಭುಜ ಇಳಿಯಲೇಬೇಕು. ಮೂಗಿನ ತುದಿ, ಮುಂದಿನ ಕೈಯ ಬೆರಳ ತುದಿ, ಮುಂಗಾಲಿನ ಬೆರಳ ತುದಿ ಒಂದೇ ರೇಖೆಯಲ್ಲಿರಲಿ, ಹಿಂದಿನ ಕೈ ಹೊಕ್ಕುಳ ಹತ್ತಿರ ಇರಲಿ.

60 ಅಥವಾ 70 ಎನ್ನುವುದು ಶಾಖೆಯಿಂದ ಶಾಖೆಗೆ ಬದಲಾಗುವ ಮಾತು; ನಿಮ್ಮ ಗುರುಗಳು ಹೇಳಿದ್ದನ್ನೇ ಇಟ್ಟುಕೊಳ್ಳಿ. ತೂಕದ ಯಂತ್ರದ ಮೇಲೆ ನಿಂತು ಯಾರೂ ಶಿಂಗ್‌ಯಿ ಕಲಿಯುವುದಿಲ್ಲ. ಮುಂಡ ಅಲುಗದಂತೆ ಮುಂಗಾಲನ್ನು ನೆಲದಿಂದ ಕಾಗದದಷ್ಟು ಎತ್ತಲು ಪ್ರಯತ್ನಿಸಿ. ಎತ್ತುವ ಮುನ್ನ ದೇಹ ಹಿಂದಕ್ಕೆ ಜೋರಾಗಿ ವಾಲಿದರೆ, ಭಾರ ನೀವು ಅಂದುಕೊಂಡದ್ದಕ್ಕಿಂತ ಬಹಳ ಮುಂದಿದೆ ಎಂದು ತಿಳಿಯಬಹುದು.

ಉತ್ತರ: ಹಳೆಯ ಓದುಗ

‘ಆಂತರಿಕ’ ಎಂಬ ಮಾತಿನ ಬಗ್ಗೆ ಒಂದೆರಡು ಸಾಲು. ಸಮರಕಲೆಗಳನ್ನು ಆಂತರಿಕ, ಬಾಹ್ಯ ಎಂದು ವಿಂಗಡಿಸಿದ ಹಳೆಯ ಬರಹಗಳಲ್ಲಿ ಚೀನಾದ ವಿದ್ವಾಂಸ ಹುವಾಂಗ್ ಝೋಂಗ್‌ಶಿ 1669ರಲ್ಲಿ ಬರೆದ ಸಮಾಧಿ ಲೇಖ ಪ್ರಸಿದ್ಧವಾದದ್ದು. ಅದರಲ್ಲಿ ಶಿಂಗ್‌ಯಿಯ ಹೆಸರೇ ಇಲ್ಲ. ಶಿಂಗ್‌ಯಿ, ಬಾಗುವಾ, ತಾಯ್‌ಚಿ ಎಂಬ ಮೂರು ಚೀನೀ ಸಮರಕಲೆಗಳನ್ನೂ ಒಂದೇ ಕುಟುಂಬವೆಂದು ಕಾಣುವ ರೂಢಿ ಬಹಳ ತಡವಾಗಿ ಬಂದದ್ದು; ಮೂರನ್ನೂ ಕಲಿತು ಕಲಿಸಿದ ಸುನ್ ಲುತಾಂಗ್ ಅವರ ಬರವಣಿಗೆ ಅದನ್ನು ಗಟ್ಟಿಗೊಳಿಸಿತು. ಆದ್ದರಿಂದ ಆ ಹಣೆಪಟ್ಟಿಯನ್ನು ನಂಬಿ ಬೆಚ್ಚನೆಯ ಹರಿವನ್ನೋ ಬೆರಳ ತುದಿಯ ಜುಮುಜುಮು ಅನುಭವವನ್ನೋ ಕಾಯುತ್ತ ನಿಲ್ಲುವುದು ವ್ಯರ್ಥ. ಭುಜ ಮತ್ತು ಸೊಂಟ, ಮೊಣಕೈ ಮತ್ತು ಮಂಡಿ, ಕೈ ಮತ್ತು ಪಾದ ಪರಸ್ಪರ ಹೊಂದಿಕೊಳ್ಳಬೇಕೆನ್ನುವ ಮೂರು ಬಾಹ್ಯ ಸಾಮರಸ್ಯಗಳೇ ಆರಂಭಿಕರಿಗೆ ಬೇಕಾದಷ್ಟು ಕೆಲಸ ಕೊಡುತ್ತವೆ.

ಉತ್ತರ: ಮಧ್ಯರೇಖೆ

ನಿಲುಗಂಬ ಅವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ನಿಲುವು ಪಕ್ವವಾಗುವವರೆಗೆ ಚಲನೆಯನ್ನೇ ಮುಟ್ಟಬಾರದೆಂಬ ಪದ್ಧತಿಗೆ ನನ್ನ ಸಹಮತವಿಲ್ಲ. ಮಂಡಿ ಸರಿಹೋದ ಮೇಲೆ ಮೊದಲ ಹೊಡೆತವಾದ ಪೀ ಒಂದನ್ನಾದರೂ ಹೇಳಿಕೊಡಿರೆಂದು ಗುರುಗಳನ್ನು ವಿನಯದಿಂದ ಕೇಳಿ. ಮುಂದಿನ ಕೈ ಮುಷ್ಟಿಯಾಗಿ ಸೊಂಟಕ್ಕೆ ಬಂದು, ಎದೆಯ ಮಧ್ಯರೇಖೆಯಲ್ಲಿ ತಿರುಚಿಕೊಂಡು ಮೇಲೇರಿ ಮುಂದಕ್ಕೆ ಹೋಗುತ್ತದೆ. ಆಮೇಲೆ ಹಿಂದಿನ ಕೈ ಅದೇ ದಾರಿಯಲ್ಲಿ ಬಂದು ಅದರ ಮೇಲಿನಿಂದ ಸೀಳುತ್ತ ಮುಂದಕ್ಕೂ ಕೆಳಕ್ಕೂ ಬೀಳುವಾಗ ಹಿಂಗಾಲು ದಾಟಿ ಮುಂದೆ ಬರುತ್ತದೆ, ಇನ್ನೊಂದು ಕಾಲು ಅರ್ಧ ಹೆಜ್ಜೆ ಹಿಂಬಾಲಿಸುತ್ತದೆ. ನಿಂತ ಕ್ಷಣದಲ್ಲಿ ನೀವಿರುವುದು ಇನ್ನೊಂದು ಬದಿಯ ಸಾನ್‌ತಿಯಲ್ಲೇ! ಹೀಗಾಗಿ ಪ್ರತಿ ಪೀ ಹೊಡೆತವೂ ನಿಲುವಿನ ಪರೀಕ್ಷೆಯಾಗುತ್ತದೆ, ಬರೀ ನಿಂತಾಗ ಮರೆಯಾಗಿದ್ದ ದೋಷಗಳು ಹೆಜ್ಜೆ ಇಟ್ಟಾಗ ಎದ್ದು ಕಾಣುತ್ತವೆ. ಕೈ ತಲುಪಿದ ಮೇಲೆ ಪಾದದ ಸದ್ದು ಕೇಳಿಸಿದರೆ ಎರಡೂ ಇನ್ನೂ ಕೂಡಿಲ್ಲ.

ಉಳಿದ ನಾಲ್ಕು ಹೊಡೆತಗಳಾದ ಝುವಾನ್, ಬೆಂಗ್, ಪಾವ್, ಹೆಂಗ್ ಆಮೇಲೆ ಬರಲಿ. ಪ್ರಸಿದ್ಧ ಶಿಂಗ್‌ಯಿ ಗುರು ಗುವೊ ಯುನ್‌ಶೆನ್ ಅವರ ಅರ್ಧ ಹೆಜ್ಜೆಯ ಬೆಂಗ್ ಕಥೆಗಳನ್ನು ಕೇಳಿ ಅನೇಕರು ನೇರವಾಗಿ ಅದಕ್ಕೇ ಹಾರುತ್ತಾರೆ. ಹಿಂಬಾಲಿಸುವ ಕಾಲಿನ ತಳ್ಳುವಿಕೆ ಪೀಯಲ್ಲಿ ಕೂಡಿಬರದಿದ್ದರೆ ಅವರ ಬೆಂಗ್ ಬರೀ ತೋಳಿನ ಗುದ್ದಾಗಿಯೇ ಉಳಿಯುತ್ತದೆ.

ಹೊಸಹೆಜ್ಜೆ

ಎಲ್ಲರಿಗೂ ಧನ್ಯವಾದಗಳು. ನಾನು ಸೊಂಟವನ್ನು ಪೂರ್ತಿ ಮುಂದಕ್ಕೆ ತಿರುಗಿಸಿಯೇ ನಿಲ್ಲುತ್ತೇನೆ. ಇನ್ನೊಂದು ಸಂದೇಹ: ಎಡಗಾಲು ಮುಂದಿಟ್ಟು ನಿಲ್ಲುವುದನ್ನೇ ಹೇಳಿಕೊಟ್ಟಿದ್ದಾರೆ, ಬಲಗಾಲನ್ನೂ ಮುಂದಿಟ್ಟು ನಿಲ್ಲಬೇಕೆ?

ನಿಲುಗಂಬ

ನಿಲ್ಲಬೇಕು. ಎಡಗಾಲು ಮುಂದಿಡುವುದು ಆರಂಭದ ವಾಡಿಕೆ ಅಷ್ಟೆ. ಎರಡೂ ಬದಿಗೆ ಸಮಾನ ಸಮಯ ಕೊಡಿ, ಆದರೆ ಆ ಸಮಯವನ್ನು ದುರ್ಬಲವಾದ ಕಾಲು ನಿರ್ಧರಿಸಲಿ: ನೋಯುವ ಮಂಡಿ ಎಷ್ಟು ಹೊತ್ತು ನೋವಿಲ್ಲದೆ ತಾಳುತ್ತದೆಯೋ ಇನ್ನೊಂದು ಬದಿಯಲ್ಲೂ ಅಷ್ಟೇ ಹೊತ್ತು ನಿಲ್ಲಿ. ಮುಂದಿನ ತರಗತಿಯಲ್ಲಿ ನಿಮ್ಮ ಹಿಂಗಾಲನ್ನು ಹಿಂದಿನಿಂದ ನೋಡುವಂತೆ ಗುರುಗಳನ್ನು ಕೇಳಿಕೊಳ್ಳಿ; ಮಂಡಿ ಒಳಕ್ಕೆ ಬೀಳುವುದು ಎದುರಿನಿಂದ ಸುಲಭವಾಗಿ ಕಾಣುವುದಿಲ್ಲ.