ಶಾಲೆಯಲ್ಲಿ ಹಲ್ಲುಜ್ಜಿಸುವುದು: ನೀವು ಹೇಗೆ ಮಾಡಿಸಿದಿರಿ?

ಕೊಡಗಿನ ಸಿದ್ದಾಪುರದ ಹತ್ತಿರದ ಶಿಕ್ಷಕಿ ಕೇಳಿದ್ದು:
ಐದನೇ ತರಗತಿ ತನಕ 24 ಮಕ್ಕಳು. ಹೆಚ್ಚಿನವರು ಕಾಫಿ ತೋಟದ ಲೈನ್ ಮನೆಯವರು, ಅಂದರೆ ಕೆಲಸಗಾರರ ಸಾಲುಮನೆಯವರು. ಅರ್ಧಕ್ಕರ್ಧ ಮಕ್ಕಳಿಗೆ ಹುಳುಕು ಹಲ್ಲು. ಹೇಳಿ ಹೇಳಿ ಸಾಕಾಯಿತು. ಏನು ಮಾಡಲಿ?

ಗೋಣಿಕೊಪ್ಪದ ಕಡೆಯ ಶಿಕ್ಷಕಿ:
ಟೀಚರ್, ನಾನೂ ಎರಡು ವರ್ಷ ಬರೀ ಹೇಳಿದೆ. ಆಮೇಲೆ ಗೊತ್ತಾಯಿತು, ಕೆಲವು ಮನೆಗಳಲ್ಲಿ ಮೂರು ಮಕ್ಕಳಿಗೆ ಒಂದೇ ಬ್ರಷ್. ಅಪ್ಪ ಅಮ್ಮ ಬೆಳಿಗ್ಗೆಯೇ ತೋಟಕ್ಕೆ ಹೊರಟರೆ ನಿಂತು ನೋಡುವವರು ಯಾರು? ಅದಕ್ಕೆ ಬ್ರಷ್ಷನ್ನು ಶಾಲೆಯಲ್ಲೇ ಇಟ್ಟೆವು. ಬಿಸಿಯೂಟ ಆದ ಮೇಲೆ ಜಗಲಿಯಲ್ಲಿ ಸಾಲಾಗಿ ನಿಂತು ಎರಡು ನಿಮಿಷ ಉಜ್ಜುತ್ತಾರೆ. ನಾನೂ ಜೊತೆಗೆ ಉಜ್ಜುತ್ತೇನೆ. ಹುಳುಕು ತಡೆಯುವ ಫ್ಲೋರೈಡ್ ಇರುವ ಪೇಸ್ಟ್, ಬಟಾಣಿ ಕಾಳಿನಷ್ಟು ಸಾಕು. ಉಗಿದ ಮೇಲೆ ಜಾಸ್ತಿ ಮುಕ್ಕಳಿಸಬಾರದು, ಫ್ಲೋರೈಡ್ ತೊಳೆದು ಹೋಗುತ್ತದೆ.

ನಿಜವಾದ ಕಷ್ಟ ಮಳೆಯದ್ದು. ಜೂನ್ ಬಂತೆಂದರೆ ಬ್ರಷ್ ಒಣಗುವುದೇ ಇಲ್ಲ. ಮೊದಲ ವರ್ಷ ಕ್ಯಾಪ್ ಹಾಕಿ ಡಬ್ಬಿಯಲ್ಲಿ ಮುಚ್ಚಿಟ್ಟೆ. ಬೂಷ್ಟು ಬಂದು ಎಲ್ಲವನ್ನೂ ಎಸೆಯಬೇಕಾಯಿತು. ತುಂಬಾ ಬೇಜಾರಾಯಿತು. ಈಗ ಹಲಗೆಗೆ ತೂತು ಕೊರೆದು, ಒಂದಕ್ಕೊಂದು ತಾಗದ ಹಾಗೆ, ತಲೆ ಮೇಲಾಗಿ ನಿಲ್ಲಿಸುತ್ತೇವೆ. ಕ್ಯಾಪ್ ಇಲ್ಲ. ಓದಲು ಬಾರದ ಚಿಕ್ಕವರಿಗೆ ಹಿಡಿಗೆ ಬಣ್ಣದ ದಾರ. ಮಳೆಗಾಲದಲ್ಲಿ ನೀರು ಕೊರೆಯುತ್ತದೆ ಅಲ್ವಾ, ಅಡುಗೆಯವರು ಒಂದು ಚೊಂಬು ಬಿಸಿನೀರು ಬೆರೆಸಿ ಕೊಡುತ್ತಾರೆ. ಅಷ್ಟಕ್ಕೇ ಚಿಕ್ಕವರ ಅಳು ನಿಂತಿತು.

ಪೊನ್ನಂಪೇಟೆಯ ತಾಯಿ:
ಮಗಳ ಹಿಂದಿನ ಹಲ್ಲು ಕಪ್ಪಾದಾಗ, ಹಾಲುಹಲ್ಲು, ಬಿದ್ದು ಹೋಗುತ್ತದೆ ಅಂತ ಸುಮ್ನೆ ಇದ್ದೆ. ಅದು ಆರನೇ ವಯಸ್ಸಿಗೆ ಬರುವ ಶಾಶ್ವತ ದವಡೆಹಲ್ಲು! ಯಾವ ಹಲ್ಲೂ ಬೀಳದೆ ಹಿಂದುಗಡೆ ಹುಟ್ಟುವುದರಿಂದ ನಮಗೆ ತಿಳಿಯುವುದೇ ಇಲ್ಲ. ಪೋಷಕರ ಸಭೆಯಲ್ಲಿ ಇದನ್ನು ತಪ್ಪದೆ ಹೇಳಿ. ತಪಾಸಣೆಗೆ ವಿರಾಜಪೇಟೆಯ ದಂತ ಕಾಲೇಜಿಗೆ ಪತ್ರ ಬರೆದು ಕೇಳಿ ನೋಡಿ.

ಸುಂಟಿಕೊಪ್ಪದ ಶಿಕ್ಷಕ:
ರಾತ್ರಿಯ ಬ್ರಷ್ ಮರೆಯಬೇಡಿ. ನಿದ್ದೆಯಲ್ಲಿ ಎಂಜಲು ಕಡಿಮೆ, ತಿಂದ ಸಿಹಿ ಹಲ್ಲಿನ ಮೇಲೇ ಕೂರುತ್ತದೆ. ನಮ್ಮಲ್ಲಿ ಕೆಲವು ಮಕ್ಕಳು ಮಲಗುವ ಮುಂಚೆಯೂ ಬೆಲ್ಲದ ಕಾಫಿ ಕುಡಿಯುತ್ತಾರೆ. ಬಿಡಿಸಿ ಅಂದರೆ ಮನೆಯವರು ಒಪ್ಪಲಿಲ್ಲ. ಹಾಗಾದರೆ ಮೊದಲು ಕಾಫಿ, ಆಮೇಲೆ ಬ್ರಷ್, ಆಮೇಲೆ ನೀರು ಬಿಟ್ಟು ಏನೂ ಬೇಡ ಅಂದೆ. ನಾಲ್ಕು ಮನೆಯವರು ಈಗ ಹಾಗೇ ಮಾಡುತ್ತಿದ್ದಾರೆ.