ದೊಡ್ಡ ಆಹಾರ ಮೇಳ, ಎರಡು ದಿನ: ನಾಲಿಗೆ ಸೋಲದಂತೆ ಸುತ್ತೋದು ಹೇಗೆ?

ಸೌಟು ಕೇಳಿದ್ದು:

ಮುನ್ನೂರಕ್ಕೂ ಹೆಚ್ಚು ಮಳಿಗೆಗಳಿರುವ ಮೇಳಕ್ಕೆ ಎರಡು ದಿನದ ಟಿಕೆಟ್ ಆಗಿದೆ. ವ್ಯಾಪಾರದ ಉದ್ದೇಶ ಇಲ್ಲ, ರುಚಿ ನೋಡಬೇಕು, ಕಲೀಬೇಕು ಅಷ್ಟೇ. ಆಸಕ್ತಿ ಇರೋದು ಚೀಸ್, ಆಲಿವ್ ಎಣ್ಣೆ, ಚಾಕೊಲೇಟ್, ಸಾಸ್‌ಗಳಲ್ಲಿ. ಯಾವ ಕ್ರಮದಲ್ಲಿ ತಿಂದರೆ ಮಧ್ಯಾಹ್ನದ ಹೊತ್ತಿಗೆ ಎಲ್ಲಾ ಒಂದೇ ಥರ ಅನ್ನಿಸೋದಿಲ್ಲ? ಮಳಿಗೆಯಲ್ಲೇ ನಿಂತು ಒಳ್ಳೇದು ಯಾವುದು ಅಂತ ಗುರುತಿಸೋದು ಹೇಗೆ? ಜೊತೆಗೆ ಬರುವವರಿಗೆ ಕಡಲೆಕಾಯಿ ಅಲರ್ಜಿ ಇದೆ, ಅದನ್ನೂ ಹೇಳಿ.

ಒರಳುಕಲ್ಲು:

ಮೊದಲು ಲೆಕ್ಕ. ಒಂದು ತುಣುಕು 10 ಗ್ರಾಂ ಅಂದುಕೊಂಡರೂ 40 ಕಡೆ ತಿಂದರೆ 400 ಗ್ರಾಂ, ಅದೂ ಬಹುಪಾಲು ಜಿಡ್ಡು, ಉಪ್ಪು, ಸಕ್ಕರೆ. 30 ಮಿ.ಲೀ. ಲೋಟದಲ್ಲಿ 20 ಪಾನೀಯ ಕುಡಿದರೆ 600 ಮಿ.ಲೀ. ಹಾಗಾಗಿ ಕೊಟ್ಟಿದ್ದನ್ನೆಲ್ಲ ನುಂಗಬೇಡಿ. ಮುಚ್ಚಳ ಇರುವ ಕಾಗದದ ಲೋಟ ಒಂದು ಕೈಯಲ್ಲಿರಲಿ, ರುಚಿ ತಿಳಿದ ಮೇಲೆ ಅದರಲ್ಲಿ ಉಗುಳಿ. ವೃತ್ತಿಯಲ್ಲಿ ರುಚಿ ನೋಡುವವರೂ ಹಾಗೇ ಮಾಡೋದು, ಮಳಿಗೆಯವರು ತಪ್ಪು ತಿಳಿಯಲ್ಲ. ಇಬ್ಬರಿದ್ದೀರಲ್ಲ, ಒಂದೇ ತುಣುಕು ಕೇಳಿ ಕಚ್ಚುವ ಮೊದಲೇ ಎರಡು ಮಾಡಿಕೊಳ್ಳಿ.

ಹಸಿದ ಹೊಟ್ಟೆಯಲ್ಲಿ ಹೋಗಬೇಡಿ, ಹಸಿವಿಗೆ ಎಲ್ಲವೂ ರುಚಿ. ಒಂದೂವರೆ ಗಂಟೆ ಮೊದಲು ಸಪ್ಪೆಯಾಗಿ ಏನಾದರೂ ತಿಂದಿರಿ. ಹೊರಡುವ ಹೊತ್ತಿಗೆ ಹಲ್ಲುಜ್ಜಲೂಬೇಡಿ: ಹೆಚ್ಚಿನ ಟೂತ್‌ಪೇಸ್ಟ್‌ಗಳಲ್ಲಿರುವ ನೊರೆ ಬರಿಸುವ ಸೋಡಿಯಂ ಲಾರೈಲ್ ಸಲ್ಫೇಟ್ ಸ್ವಲ್ಪ ಹೊತ್ತು ಸಿಹಿಯನ್ನು ಅಡಗಿಸಿ ಕಹಿಯನ್ನು ಎತ್ತಿ ತೋರಿಸುತ್ತೆ. ಸುಗಂಧ ದ್ರವ್ಯ ಹಾಕಿಕೊಳ್ಳಬೇಡಿ.

ಕ್ರಮ ಹೀಗಿರಲಿ: ಆಲಿವ್ ಎಣ್ಣೆ ಬೆಳಗ್ಗೆ ಎಲ್ಲಕ್ಕಿಂತ ಮೊದಲು. ಆಮೇಲೆ ತಾಜಾ ಚೀಸ್, ಮಾಗಿಸಿದ ಗಟ್ಟಿ ಚೀಸ್, ನೀಲಿ ಬೂಷ್ಟಿನ ಚೀಸ್ ಕೊನೆಗೆ. ನಂತರ ಚಾಕೊಲೇಟ್. ಖಾರದ ಸಾಸ್ ದಿನದ ಕಟ್ಟಕಡೆಗೆ, ಯಾಕಂದ್ರೆ ಅದಾದ ಮೇಲೆ ಒಂದಷ್ಟು ಹೊತ್ತು ನಾಲಿಗೆಗೆ ಸೂಕ್ಷ್ಮ ರುಚಿ ಹತ್ತಲ್ಲ. ಖಾರ ಹತ್ತಿದರೆ ನೀರು ಕುಡಿದು ಪ್ರಯೋಜನ ಇಲ್ಲ, ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್ ನೀರಲ್ಲಿ ಕರಗಲ್ಲ. ಹಾಲು, ಮೊಸರಲ್ಲಿರುವ ಕೇಸೀನ್ ಅನ್ನೋ ಪ್ರೋಟೀನ್ ಅದನ್ನು ಹಿಡಿದು ತೊಳೆಯುತ್ತೆ. ನಡುನಡುವೆ ಸಪ್ಪೆ ಬ್ರೆಡ್ಡು, ತಣ್ಣಗಲ್ಲದ ನೀರು. ಮೂಗು ಮಂದವಾಯಿತು ಅನ್ನಿಸಿದರೆ ನಿಮ್ಮದೇ ಅಂಗಿ ತೋಳನ್ನು ಒಂದೆರಡು ಸಲ ಮೂಸಿ.

ಬಾಗಿಲು ತೆಗೆದ ಕೂಡಲೇ ಅತಿ ದೂರದ ಹಾಲ್‌ಗೆ ಹೋಗಿ. ಜನ ಮೊದಲ ಸಾಲಲ್ಲೇ ನಿಂತುಬಿಡ್ತಾರೆ, ದೂರದ ಹಾಲ್‌ನವರಿಗೆ ಆ ಒಂದು ಗಂಟೆ ಮಾತಾಡಲು ಪುರುಸೊತ್ತು ಇರುತ್ತೆ.

ಬೆಲ್ಲದಚ್ಚು:

ಕ್ರಮ ಸರಿಯಾಗಿದೆ. ಗುರುತಿಸೋ ವಿಷಯಕ್ಕೆ ಬರ್ತೀನಿ.

ಆಲಿವ್ ಎಣ್ಣೆಯನ್ನು ಬ್ರೆಡ್ಡಲ್ಲಿ ಅದ್ದಿ ತಿನ್ನಬೇಡಿ, ದೋಷ ಮುಚ್ಚಿಹೋಗುತ್ತೆ. ಚಿಕ್ಕ ಲೋಟದಲ್ಲಿ ಒಂದು ಚಮಚ ಹಾಕಿಸಿಕೊಂಡು ಅಂಗೈಯಲ್ಲಿಟ್ಟು, ಇನ್ನೊಂದು ಅಂಗೈ ಮೇಲೆ ಮುಚ್ಚಿ ಒಂದು ನಿಮಿಷ ಬೆಚ್ಚಗೆ ಮಾಡಿ. ಅಧಿಕೃತ ಪರೀಕ್ಷೆಯಲ್ಲೂ ಎಣ್ಣೆ 28 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಬೇಕು, ಲೋಟವೂ ಬಣ್ಣದ್ದು, ಎಣ್ಣೆಯ ಬಣ್ಣ ನೋಡಿ ಮರುಳಾಗಬಾರದು ಅಂತ. ಮೂಸಿ, ಒಂದು ಗುಟುಕು ಬಾಯಲ್ಲಿಟ್ಟು ಹಲ್ಲುಸಂದಿಯಿಂದ ಗಾಳಿ ಎಳೆಯಿರಿ. ಗಂಟಲಲ್ಲಿ ಚುರ್ ಅಂದು ಕೆಮ್ಮು ಬಂದರೆ ಅದು ಕೆಟ್ಟ ಎಣ್ಣೆ ಅಲ್ಲ! ಓಲಿಯೋಕ್ಯಾಂಥಾಲ್ ಅನ್ನೋ ಅಂಶದ ಗುಣ ಅದು. ಕಹಿಯೂ ಗುಣವೇ. ಕಮಟು ವಾಸನೆ ಬಂದರೆ ಮಾತ್ರ ಕೈಬಿಡಿ. ಬಾಟಲಿಗೆ ತುಂಬಿದ ದಿನಾಂಕ ಬೇಡ, ಕಾಯಿ ಕೊಯ್ದದ್ದು ಯಾವಾಗ ಅಂತ ಕೇಳಿ.

ಚಾಕೊಲೇಟನ್ನು ಕಿವಿಯ ಹತ್ತಿರ ಮುರಿಯಿರಿ, ಹದವಾದದ್ದು ಟಕ್ ಅನ್ನುತ್ತೆ. ಮೂಗು ಹಿಡಿದು ಬಾಯಲ್ಲಿಡಿ: ಸಿಹಿ, ಕಹಿ ಅಷ್ಟೇ ಗೊತ್ತಾಗೋದು. ಹತ್ತು ಸೆಕೆಂಡ್ ಬಿಟ್ಟು ಮೂಗು ಬಿಡಿ, ಪರಿಮಳ ಒಮ್ಮೆಲೇ ಹೊಮ್ಮುತ್ತೆ. ಹೊಮ್ಮದಿದ್ದರೆ ಅದರಲ್ಲಿ ಸಕ್ಕರೆ ಬಿಟ್ಟು ಹೆಚ್ಚೇನೂ ಇಲ್ಲ. ಅಗಿಯಬೇಡಿ. ಕೋಕೋ ಬೆಣ್ಣೆ 34 ಡಿಗ್ರಿ ಹತ್ತಿರ ಕರಗುತ್ತೆ, ಬಾಯಿಯ ಬಿಸಿಯೇ ಸಾಕು. ಮೇಲೆ ಬಿಳಿ ಪೊರೆ ಕಂಡರೆ ಬೂಷ್ಟು ಅಂತ ಹೆದರಬೇಡಿ, ಶಾಖಕ್ಕೋ ತೇವಕ್ಕೋ ಸಿಕ್ಕಿ ಕೊಬ್ಬು ಇಲ್ಲವೇ ಸಕ್ಕರೆ ಮೇಲೆ ಬಂದಿದೆ. ತಿನ್ನಬಹುದು, ಆದರೆ ಕೊಳ್ಳಬೇಡಿ.

ಸಾಸ್‌ಗಳಲ್ಲೇ ಹೆಚ್ಚು ಜನ ಮೋಸ ಹೋಗೋದು. ಬಿಸಿಬಿಸಿ ಕರಿದ ತಿಂಡಿಗೆ ಸವರಿ ಕೊಟ್ಟರೆ ನಿಮಗೆ ಹಿಡಿಸಿದ್ದು ಕರಿದ ತಿಂಡಿಯೋ ಸಾಸೋ? ಬರೀ ಚಮಚದಲ್ಲಿ ಕೇಳಿ. ಬಾಟಲಿ ತಿರುಗಿಸಿ ನೋಡಿ: ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆದಿರುತ್ತಾರೆ. ಮುಂದೆ ಟೊಮೆಟೊ ಚಿತ್ರ, ಹಿಂದೆ ಮೊದಲ ಹೆಸರು ನೀರೋ ಸಕ್ಕರೆಯೋ ಆಗಿದ್ದರೆ ಅಲ್ಲಿಗೇ ಇತ್ಯರ್ಥ.

ಹಿತ್ತಾಳೆ ಡಬರಿ:

ಅಲರ್ಜಿ ಬಗ್ಗೆ ಯಾರೂ ಹೇಳಿಲ್ಲ, ಅದೇ ಇಲ್ಲಿ ಮುಖ್ಯ. ಮಳಿಗೆಯಲ್ಲಿ ತುಣುಕು ಹಂಚುವವರು ಎಷ್ಟೋ ಸಲ ಆ ದಿನಕ್ಕೆ ಬಂದ ಕೆಲಸದವರು. ಅವರು "ಕಡಲೆಕಾಯಿ ಇಲ್ಲ" ಅಂದರೆ ಸಾಲದು, ಪ್ಯಾಕೆಟ್ ತೋರಿಸಲು ಹೇಳಿ. ಪ್ಯಾಕೆಟ್ ಇಲ್ಲದ್ದು ಬೇಡ. ಪದಾರ್ಥದಲ್ಲಿ ಇಲ್ಲದಿದ್ದರೂ ಅದೇ ಚಾಕು, ಅದೇ ಚಿಮಟ, ಅದೇ ಎಣ್ಣೆಯಿಂದ ಸೋಂಕಬಹುದು. ಹಾಗಾಗಿ ಕರಿದದ್ದು, ಬಿಡಿಯಾಗಿ ಕತ್ತರಿಸಿಟ್ಟ ಚಾಕೊಲೇಟು ಪೂರ್ತಿ ಬಿಡಿ. ಹಂಚಿ ತಿನ್ನುವ ಉಪಾಯವೂ ಅಲರ್ಜಿ ಇರುವವರ ವಿಷಯದಲ್ಲಿ ಬೇಡ. ವೈದ್ಯರು ಅಡ್ರಿನಲಿನ್ ಪೆನ್ (ಅಲರ್ಜಿ ಜೋರಾದಾಗ ತುರ್ತಾಗಿ ಚುಚ್ಚಿಕೊಳ್ಳುವ ಔಷಧಿ) ಕೊಟ್ಟಿದ್ದರೆ ಅದು ಅವರ ಮೈಮೇಲೇ ಇರಬೇಕು, ಬ್ಯಾಗ್ ಇಡುವ ಕೌಂಟರಿನಲ್ಲಿ ಅಲ್ಲ.

ಎಲ್ಲರಿಗೂ ಅನ್ವಯಿಸೋದು: 5ರಿಂದ 60 ಡಿಗ್ರಿ ನಡುವೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತೆ. ಮಾಂಸ, ಮೀನು, ಕೆನೆ ಇರುವ ತುಣುಕುಗಳು ಎರಡು ಗಂಟೆಗಿಂತ ಹೆಚ್ಚು ಹೊರಗಿದ್ದರೆ ಮುಟ್ಟಬಾರದು. ತಟ್ಟೆಯ ಕೆಳಗೆ ಐಸ್ ಇದೆಯಾ, ಬಿಸಿಯದ್ದು ಹಬೆಯಾಡ್ತಿದೆಯಾ ನೋಡಿ. ಅಂಚು ಒಣಗಿ ಸುರುಟಿದ್ದರೆ ಮುಂದೆ ಹೋಗಿ.

ಇನ್ನೊಂದು, ಟಿಕೆಟ್ ಯಾವ ಬಗೆಯ ಮೇಳದ್ದು ಅಂತ ಖಚಿತ ಮಾಡಿಕೊಳ್ಳಿ. ಜರ್ಮನಿಯ ಕಲೋನ್‌ನ ಅನುಗಾ, ಪ್ಯಾರಿಸ್‌ನ ಸಿಯಾಲ್ ಥರದವು ವ್ಯಾಪಾರಿಗಳಿಗೆ ಮಾತ್ರ. ಇಟಲಿಯ ಟುರಿನ್‌ನಲ್ಲಿ 1996ರಲ್ಲಿ ಶುರುವಾದ ಸಲೋನೆ ದೆಲ್ ಗುಸ್ತೊ ಸಾರ್ವಜನಿಕರಿಗೂ ತೆರೆದದ್ದು.

ಸೌಟು:

ತುಂಬಾ ಧನ್ಯವಾದ ಎಲ್ಲರಿಗೂ. ಕೊಳ್ಳೋದು ಯಾವಾಗ, ಮೊದಲ ದಿನವೋ ಎರಡನೇ ದಿನವೋ?

ಬೆಲ್ಲದಚ್ಚು:

ಎರಡನೇ ದಿನ. ಒಂದೇ ಗುಟುಕಲ್ಲಿ ಯಾವಾಗಲೂ ಹೆಚ್ಚು ಸಿಹಿಯದ್ದೇ ಗೆಲ್ಲುತ್ತೆ, ಬಾಟಲಿಗಟ್ಟಲೆ ಮನೆಗೆ ತಂದಾಗ ಬೇಸರ ಬರುತ್ತೆ. ಮೊದಲ ದಿನ ಮಳಿಗೆ ಸಂಖ್ಯೆ, ಲೇಬಲ್ ಎರಡರ ಫೋಟೊ ತೆಗೆದು ಮೂರು ಪದ ಬರೆದುಕೊಳ್ಳಿ, "ಚೆನ್ನಾಗಿದೆ" ಅಂತಲ್ಲ, "ಉಪ್ಪು ಹೆಚ್ಚು, ಅಡಿಕೆಯಂಥ ಒಗರು" ಅಂತ. ಮರುದಿನ ಬೆಳಗ್ಗೆ ಅದರಲ್ಲಿ ಐದನ್ನು ಮಾತ್ರ ಮತ್ತೆ ರುಚಿ ನೋಡಿ. ಚೀಸ್ ನಿರ್ವಾತ ಪ್ಯಾಕ್ ಮಾಡಿಸಿ, ಹೊರಡುವ ಮುಂಚೆ ಕೊನೆಗೆ ಕೊಂಡು ಜೆಲ್ ಪ್ಯಾಕ್ ಜೊತೆ ಇಡಿ. ವಿಮಾನದಲ್ಲಿ ಹೋಗುವುದಾದರೆ ಎಣ್ಣೆ, ಸಾಸ್ ಚೆಕ್-ಇನ್ ಬ್ಯಾಗಿಗೆ, 100 ಮಿ.ಲೀ. ಮೀರಿದ್ದನ್ನು ಕೈಚೀಲದಲ್ಲಿ ಸಾಮಾನ್ಯವಾಗಿ ಬಿಡಲ್ಲ. ಬೇರೆ ದೇಶಕ್ಕೆ ಒಯ್ಯುವುದಾದರೆ ಹಾಲು, ಮಾಂಸದ ಪದಾರ್ಥಗಳ ನಿಯಮ ಮೊದಲೇ ನೋಡಿ, ಬಹಳ ಕಡೆ ಗಡಿಯಲ್ಲೇ ತೆಗೆದಿಟ್ಟುಕೊಳ್ತಾರೆ.