ಫಾರೂಕ್ ದೊರೆಯ ಪತನಕ್ಕೆ ವಿಲಾಸವೊಂದೇ ಕಾರಣವೇ?

ವಿದ್ಯಾರ್ಥಿನಿ, ವಿಜಯಪುರ:
ಕಾಲೇಜಿನ ಇತಿಹಾಸ ಸಂಘದಲ್ಲಿ ಈಜಿಪ್ಟಿನ ಫಾರೂಕ್ ದೊರೆಯ ಬಗ್ಗೆ ಪ್ರಬಂಧ ಮಂಡಿಸಬೇಕಿದೆ. 1936ರಲ್ಲಿ ತಂದೆ ಫುವಾದ್ ತೀರಿಕೊಂಡಾಗ ಹದಿನಾರರ ಹರೆಯದಲ್ಲಿ ಪಟ್ಟವೇರಿ ಜನರ ಅಪಾರ ಪ್ರೀತಿ ಗಳಿಸಿದ್ದ ಈತ 1952ರಲ್ಲಿ ದೇಶ ಬಿಡಬೇಕಾಯಿತು. ಓದಿದಲ್ಲೆಲ್ಲ ಜೂಜು, ಕಾರು, ಭೋಜನಗಳ ವರ್ಣನೆಯೇ ಇದೆ. ಕಾರಣ ಅಷ್ಟೇ ಇರಬಹುದೇ?

ನಿವೃತ್ತ ಅಧ್ಯಾಪಕ, ಬಾಗಲಕೋಟೆ:
ತಂಗಿ, ನಿಮ್ಮ ಪ್ರಬಂಧವನ್ನು 1942ರ ಫೆಬ್ರುವರಿ 4ರಿಂದ ಆರಂಭಿಸಿರಿ. ಬ್ರಿಟಿಷ್ ಸೈನ್ಯ ಆಗಿನ್ನೂ ಈಜಿಪ್ಟಿನಲ್ಲೇ ಬೀಡುಬಿಟ್ಟಿತ್ತು. ಅಂದು ಬ್ರಿಟಿಷ್ ರಾಯಭಾರಿ ಮೈಲ್ಸ್ ಲ್ಯಾಂಪ್ಸನ್ ಕೈರೋದ ಅಬ್ದೀನ್ ಅರಮನೆಯನ್ನು ಟ್ಯಾಂಕುಗಳಿಂದ ಸುತ್ತುವರಿಸಿ, ವಫ್ದ್ ಪಕ್ಷದ ನಹಾಸ್ ಪಾಷಾ ಅವರನ್ನು ಪ್ರಧಾನಿಯನ್ನಾಗಿ ಮಾಡು, ಇಲ್ಲವೇ ಸಿಂಹಾಸನ ಬಿಡು ಎಂದು ಒತ್ತಾಯಿಸಿದ, ದೊರೆ ಮಣಿದ. ಈ ಅವಮಾನವನ್ನು ಸೈನ್ಯದ ಅಧಿಕಾರಿಗಳು ತಮ್ಮದೆಂದೇ ಭಾವಿಸಿದರು. ಮುಂದೆ 1952ರ ಸೈನಿಕ ದಂಗೆಯ ಮುಖವಾದ ಸೇನಾಧಿಕಾರಿ ಮುಹಮ್ಮದ್ ನಗೀಬ್ ಆಗ ಪ್ರತಿಭಟಿಸಿ ರಾಜೀನಾಮೆ ಸಲ್ಲಿಸಿದ್ದರು, ಅದೂ ದೊರೆಯ ಪರವಾಗಿ! ಅಂಥವರೇ ಹತ್ತು ವರ್ಷಗಳಲ್ಲಿ ಅವನ ವಿರುದ್ಧ ನಿಂತರೆಂದರೆ, ಅವನು ಎಂಥ ನಿಷ್ಠೆಯನ್ನು ಕಳೆದುಕೊಂಡನೆಂದು ಯೋಚಿಸಿರಿ. ವಿಲಾಸ ಅವನ ಹೆಸರು ಕೆಡಿಸಿತು, ನಿಜ. ಆದರೆ ಅವನನ್ನು ಕೆಳಗಿಳಿಸಿದ್ದು ಸೈನ್ಯ.

ಓದುಗ, ಬೆಳಗಾವಿ:
ಗುರುಗಳ ಮಾತನ್ನು ಒಪ್ಪುತ್ತೇನೆ. ಆದರೂ ಎಲ್ಲವನ್ನೂ ಬ್ರಿಟಿಷರ ತಲೆಗೆ ಕಟ್ಟುವುದು ನ್ಯಾಯವಲ್ಲ. 1948ರ ಪ್ಯಾಲೆಸ್ತೀನ್ ಯುದ್ಧದಲ್ಲಿ ಸೋತು ಮರಳಿದ ಸೈನಿಕರು ಕಳಪೆ ಶಸ್ತ್ರಾಸ್ತ್ರದ ಹಗರಣಕ್ಕೆ ಅರಮನೆಯತ್ತ ಬೊಟ್ಟು ಮಾಡಿದರು. 1952ರ ಜನವರಿ 25ರಂದು ಇಸ್ಮಾಯಿಲಿಯಾದಲ್ಲಿ ಬ್ರಿಟಿಷರು ಈಜಿಪ್ಟಿನ ಪೊಲೀಸರನ್ನು ಕೊಂದರು, ಮರುದಿನ ಕೈರೋ ಹೊತ್ತಿ ಉರಿಯಿತು. ಆಮೇಲಿನ ಆರು ತಿಂಗಳಲ್ಲಿ ದೊರೆ ಪ್ರಧಾನಿಗಳನ್ನು ಒಬ್ಬರ ನಂತರ ಒಬ್ಬರಂತೆ ಬದಲಿಸುತ್ತ ಹೋದನೇ ಹೊರತು ಆಡಳಿತಕ್ಕೆ ನೆಲೆ ಒದಗಿಸಲಿಲ್ಲ. ಸೇನಾಧಿಕಾರಿಗಳ ಕ್ಲಬ್ಬಿನ ಚುನಾವಣೆಯಲ್ಲಿ ನಗೀಬ್ ಗೆದ್ದದ್ದನ್ನೂ ಅವನು ಸಹಿಸಲಿಲ್ಲ. ಜುಲೈ 23ರಂದು ಸೇನಾಧಿಕಾರಿ ನಾಸೆರ್ ಸಂಘಟಿಸಿದ್ದ ‘ಸ್ವತಂತ್ರ ಅಧಿಕಾರಿಗಳು’ ಎಂಬ ಸೈನ್ಯದೊಳಗಿನ ಗುಪ್ತ ಕೂಟ ಕೈರೋವನ್ನು ವಶಪಡಿಸಿಕೊಂಡಿತು.

ವಿದ್ಯಾರ್ಥಿನಿ, ವಿಜಯಪುರ:
ನಮ್ಮೂರಿನ ಕೊನೆಯ ಸುಲ್ತಾನ ಸಿಕಂದರ್ ಆದಿಲ್ ಶಾಹನೊಡನೆ ಹೋಲಿಸಬಹುದೇ ಸರ್?

ನಿವೃತ್ತ ಅಧ್ಯಾಪಕ, ಬಾಗಲಕೋಟೆ:
ಎಳೆಯ ವಯಸ್ಸಿನ ಪಟ್ಟಾಭಿಷೇಕದ ಮಟ್ಟಿಗೆ ಮಾತ್ರ. ಸಿಕಂದರ್ 1686ರಲ್ಲಿ ಶರಣಾದದ್ದು ಹೊರಗಿನಿಂದ ಬಂದ ಔರಂಗಜೇಬನ ಸೈನ್ಯಕ್ಕೆ. ಫಾರೂಕ್ ಮಣಿದದ್ದು ತನ್ನದೇ ಸೈನ್ಯಕ್ಕೆ. ಜುಲೈ 26ರಂದು ಹಸುಗೂಸು ಮಗನಿಗೆ ಪಟ್ಟ ಬಿಟ್ಟುಕೊಟ್ಟು ಅಲೆಕ್ಸಾಂಡ್ರಿಯದಿಂದ ಮಹ್ರೂಸಾ ಹಡಗು ಹತ್ತಿದ. 1879ರಲ್ಲಿ ಅವನ ಅಜ್ಜ ಇಸ್ಮಾಯಿಲ್ ಗಡೀಪಾರಾದದ್ದೂ ಅದೇ ಹಡಗಿನಲ್ಲಿ. ಆ ಕೂಸಿನ ಹೆಸರಿನ ಆಳ್ವಿಕೆಯೂ 1953ರ ಜೂನ್ 18ರಂದು ಗಣರಾಜ್ಯ ಘೋಷಣೆಯೊಂದಿಗೆ ಮುಗಿಯಿತು.